ಮಾಳಿಗೆಯ ಕೀಲಿಕೈ ಯಾರ ಬಳಿ ಇರಬೇಕು

ಬಳ್ಳಾರಿಯಲ್ಲಿ ಮಾಳಿಗೆಯನ್ನು ಬಿಟ್ಟು ಮನೆಯನ್ನು ಲೆಕ್ಕ ಹಾಕುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಊರಿನಲ್ಲಿ ಹಗಲೆಲ್ಲ ಕಾದ ಗೋಡೆಗಳು ನಡುರಾತ್ರಿಯವರೆಗೂ ಝಳ ಬಿಡುತ್ತಲೇ ಇರುತ್ತವೆ. ಕರೆಂಟ್ ಹೋಯಿತೆಂದರೆ ಚಾಪೆ, ದಿಂಬು, ನೀರಿನ ತಂಬಿಗೆ ಹಿಡಿದು ಮಾಳಿಗೆ ಹತ್ತುವುದೊಂದೇ ದಾರಿ. ಅದೇ ಬಿಸಿಲನ್ನು ನಮ್ಮ ಹೆಣ್ಣುಮಕ್ಕಳು ದುಡಿಸಿಕೊಳ್ಳುವುದೂ ಅಲ್ಲಿಯೇ: ಸಂಡಿಗೆ, ಹಪ್ಪಳ, ಶಾವಿಗೆ, ಮಜ್ಜಿಗೆ ಮೆಣಸಿನಕಾಯಿ, ವರ್ಷಕ್ಕಾಗುವಷ್ಟು ಖಾರದಪುಡಿಗೆ ಬೇಕಾದ ಒಣಮೆಣಸು, ಹುಳು ಹಿಡಿಯದಿರಲೆಂದು ಹರವುವ ತೊಗರಿಬೇಳೆ ಮತ್ತು ಜೋಳ. ಓಣಿಯ ಹಳೆಯ ಮನೆಗಳಲ್ಲಿ ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪಾರ್ಟ್‌ಮೆಂಟುಗಳು ಬಂದ ಮೇಲೆ ಒಂದೇ ಮಾಳಿಗೆಗೆ ಹತ್ತು ಹನ್ನೆರಡು ಮನೆಗಳಾದವು, ಮಾಳಿಗೆಗೊಂದು ಕಬ್ಬಿಣದ ಬಾಗಿಲಾಯಿತು, ಬಾಗಿಲಿಗೊಂದು ಬೀಗ ಬಂತು. ಆ ಬೀಗದ ಕೀಲಿಕೈ ಯಾರ ಬಳಿ ಇರಬೇಕು ಎಂಬುದು ಬಹಳ ಜನರಿಗೆ ಚಿಕ್ಕ ಪ್ರಶ್ನೆಯಾಗಿ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ.

ನಮ್ಮ ಕಟ್ಟಡ ದೊಡ್ಡದೇನಲ್ಲ. ಕೆಳಗೆ ಕಂಬಗಳ ನಡುವೆ ವಾಹನ ನಿಲ್ಲಿಸುವ ಜಾಗ, ಅದರ ಮೇಲೆ ನಾಲ್ಕು ಅಂತಸ್ತು, ಒಟ್ಟು ಹನ್ನೆರಡು ಮನೆ. ಕೊನೆಯ ಅಂತಸ್ತಿನ ಮಾಲೀಕರೊಬ್ಬರು ಹಲವು ವರ್ಷಗಳ ಕಾಲ ಮಾಳಿಗೆಯ ಕೀಲಿಕೈಯನ್ನು ತಮ್ಮ ಮನೆಯ ಮೊಳೆಗೆ ನೇತುಹಾಕಿಕೊಂಡಿದ್ದರು. ಒಂದು ಬೇಸಗೆಯ ಬೆಳಿಗ್ಗೆ ಮೊದಲನೆಯ ಅಂತಸ್ತಿನ ಬಾಡಿಗೆ ಮನೆಯ ಹಿರಿಯರೊಬ್ಬರು, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು, ಸಂಡಿಗೆ ಹಿಟ್ಟು ಬೇಯಿಸಿ, ಬಿಸಿ ಪಾತ್ರೆಯನ್ನು ಸೀರೆಯ ಸೆರಗಿನಲ್ಲಿ ಹಿಡಿದು, ಕಂಕುಳಲ್ಲಿ ಹಳೆಯ ಪಂಚೆಯನ್ನು ಇರುಕಿಕೊಂಡು ಮೆಟ್ಟಿಲೇರಿ ಬಂದಿದ್ದರು. "ಅಣ್ಣಾ, ಒಂದೀಟು ಕೀಲಿಕೈ ಕೊಡ್ರಿ, ಸಂಡಿಗಿ ಹಾಕಿ ಇಳಿದು ಬಿಡ್ತೀನಿ" ಎಂದು ಕೇಳಿದರು. "ಇವತ್ತು ಬ್ಯಾಡ ಬಿಡ್ರಿ ಅಮ್ಮಾ, ಮ್ಯಾಲೆಲ್ಲಾ ಗಲೀಜಾಗ್ತೈತೆ, ಆಮೇಲೆ ನಾವೇ ತೊಳೀಬೇಕು" ಎಂಬ ಉತ್ತರ ಬಂತು. ಒರಟಾಗಿ ಹೇಳಿದ ಮಾತಲ್ಲ ಅದು. ಆದರೆ ಬೇಯಿಸಿದ ಹಿಟ್ಟು ಆರಿದರೆ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಒರಳಿನಲ್ಲಿ ಒತ್ತಲು ಬರುವುದಿಲ್ಲ. ದೊಡ್ಡಮ್ಮ ಎರಡನೆಯ ಮಾತಾಡದೆ ಪಾತ್ರೆಯೊಂದಿಗೆ ಇಳಿದುಹೋದರು. ಬಾಡಿಗೆಗಿರುವವರು ಮಾಲೀಕರೊಡನೆ, ಅವರು ತಮ್ಮ ಮನೆಯ ಮಾಲೀಕರಲ್ಲದಿದ್ದರೂ, ಜಗಳ ಮಾಡುವುದಿಲ್ಲ. ಮನೆ ಬಿಡಿಸಿಯಾರೆಂಬ ಅಂಜಿಕೆ ಅವರ ಬೆನ್ನ ಹಿಂದೆ ಸದಾ ಇರುತ್ತದೆ.

ಕೀಲಿಕೈ ಇಟ್ಟುಕೊಂಡವರ ಮಾತನ್ನೂ ಇಲ್ಲಿ ಹೇಳಲೇಬೇಕು. ಮಾಳಿಗೆ ಸೋರಿದರೆ ನೀರು ಇಳಿಯುವುದು ಅವರ ಮಲಗುವ ಕೋಣೆಗೆ. ರಾತ್ರಿ ಹುಡುಗರು ಮೇಲೆ ಸೇರಿ ಗದ್ದಲ ಮಾಡಿದರೆ ನಿದ್ದೆ ಕೆಡುವುದು ಅವರದು. ಒಂದು ಮಳೆಗಾಲದಲ್ಲಿ ಅವರ ಮನೆಯ ಚಾವಣಿಯಿಂದ ಗಾರೆ ಉದುರಿದಾಗ, ಮಾಳಿಗೆಗೆ ನೀರು ಇಂಗದಂತೆ ಲೇಪನ ಮಾಡಿಸಲು ಎಲ್ಲರೂ ಪಾಲು ಹಾಕಿ ಎಂದು ಅವರು ಮನೆಮನೆಗೆ ಬಂದು ಕೇಳಿದ್ದರು. ಕೆಳಗಿನ ಅಂತಸ್ತುಗಳವರು "ನಮ್ಮ ಮನೆ ಸೋರುತ್ತಿಲ್ಲವಲ್ಲ" ಎಂದು ಕೈಚೆಲ್ಲಿದರು. ಕೊನೆಯ ಅಂತಸ್ತಿನವರೇ ತಮ್ಮ ಸ್ವಂತ ದುಡ್ಡಿನಲ್ಲಿ ಆ ಕೆಲಸ ಮಾಡಿಸಿದರು, ಅದಾದ ಮೇಲೆಯೇ ಬೀಗ ಬಿದ್ದದ್ದು. ಸಾಮೂಹಿಕ ಜಾಗವನ್ನು ಒಬ್ಬರು ತಮ್ಮದಾಗಿಸಿಕೊಂಡ ಪ್ರಸಂಗಗಳನ್ನು ನಾನು ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ನೋಡಿದ್ದೇನೆ, ಅವುಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿಯೇ ಇದೆ. ಎಲ್ಲರಿಗೂ ಸೇರಿದ ಜಾಗದ ಖರ್ಚಿನಿಂದ ಉಳಿದವರು ಹಿಂದೆ ಸರಿಯುತ್ತಾರೆ, ಖರ್ಚು ಮಾಡಿದವರು ಜಾಗ ತಮ್ಮದೆಂದು ಭಾವಿಸುತ್ತಾರೆ, ಮತ್ತು ಇದರ ಪೆಟ್ಟು ಬೀಳುವುದು ಖರ್ಚಿನ ಮಾತುಕತೆಯಲ್ಲಿ ಬಾಯಿ ತೆರೆಯುವ ಅವಕಾಶವೇ ಇಲ್ಲದ ದೊಡ್ಡಮ್ಮನಂಥವರ ಮೇಲೆ.

ಕಾನೂನು ಈ ವಿಷಯದಲ್ಲಿ ಮಂಕಾಗಿಲ್ಲ. ನಮ್ಮ ರಾಜ್ಯದಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ ಇದೆ. ಸಾಮೂಹಿಕ ಪ್ರದೇಶ ಮತ್ತು ಸೌಕರ್ಯಗಳು ಎಂದರೆ ಏನೇನು ಎಂಬುದನ್ನು ಅದು ಹೆಸರಿಟ್ಟು ಹೇಳುತ್ತದೆ: ಕಟ್ಟಡ ನಿಂತ ನೆಲ, ತಳಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಮಾಳಿಗೆ, ಓಡಾಡುವ ಮೊಗಸಾಲೆ, ಮೆಟ್ಟಿಲು, ಒಳಬರುವ ಮತ್ತು ಹೊರಹೋಗುವ ದಾರಿ, ನೆಲಮಾಳಿಗೆ, ಅಂಗಳ, ತೋಟ, ವಾಹನ ನಿಲ್ಲಿಸುವ ಜಾಗ, ಕಟ್ಟಡ ನೋಡಿಕೊಳ್ಳುವ ಕೆಲಸಗಾರರ ವಸತಿ, ಲಿಫ್ಟ್, ನೀರಿನ ಟ್ಯಾಂಕು, ಪಂಪು, ಮೋಟಾರು. ಇವುಗಳಲ್ಲಿ ಪ್ರತಿಯೊಬ್ಬ ಮಾಲೀಕರಿಗೂ ವಿಭಾಗಿಸದ ಪಾಲು ಇರುತ್ತದೆ. ಇಡೀ ಸ್ವತ್ತಿನ ಬೆಲೆಯಲ್ಲಿ ಅವರ ಮನೆಯ ಬೆಲೆ ಎಷ್ಟೋ ಅದರ ಮೇಲೆ ಆ ಪಾಲಿನ ಶೇಕಡಾವಾರು ನಿಂತಿರುತ್ತದೆ. ಮನೆಯನ್ನು ಮಾರಿದರೆ ಪಾಲೂ ಅದರೊಡನೆ ಹೋಗುತ್ತದೆ, ಮನೆ ಒಬ್ಬರಿಗೆ ಪಾಲು ಇನ್ನೊಬ್ಬರಿಗೆ ಎಂದು ಬೇರ್ಪಡಿಸುವಂತಿಲ್ಲ. ನನ್ನ ಪಾಲಿನ ಮಾಳಿಗೆಯನ್ನು ಗೆರೆ ಎಳೆದು ಕೊಡಿ ಎಂದು ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡುವಂತೆಯೂ ಇಲ್ಲ. ಇದೇ ಅಧಿನಿಯಮದ 6ನೇ ಕಲಮಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿದೆ: ಪ್ರತಿಯೊಬ್ಬ ಮಾಲೀಕರೂ ಸಾಮೂಹಿಕ ಜಾಗವನ್ನು, ಅದು ಯಾವ ಉದ್ದೇಶಕ್ಕಾಗಿ ಇದೆಯೋ ಆ ಉದ್ದೇಶಕ್ಕೆ, ಉಳಿದ ಮಾಲೀಕರ ನ್ಯಾಯಯುತ ಹಕ್ಕುಗಳಿಗೆ ಅಡ್ಡಿಯಾಗದಂತೆ, ಅವನ್ನು ಅತಿಕ್ರಮಿಸದಂತೆ ಬಳಸಬಹುದು.

ಕ್ರಯಪತ್ರವನ್ನು ಬ್ಯಾಂಕಿನ ಸಾಲಕ್ಕಾಗಿ ಒಮ್ಮೆ ತೆಗೆದು ಆಮೇಲೆ ಬೀರುವಿನ ಒಳಖಾನೆಗೆ ಸೇರಿಸಿಬಿಡುವ ನಾವು ಅದರ ಷೆಡ್ಯೂಲುಗಳನ್ನು ಓದುವುದೇ ಕಡಿಮೆ. ಸಾಮಾನ್ಯವಾಗಿ ಎ ಷೆಡ್ಯೂಲಿನಲ್ಲಿ ಇಡೀ ಜಮೀನಿನ ಚಕ್ಕುಬಂದಿ, ಬಿ ಷೆಡ್ಯೂಲಿನಲ್ಲಿ ಆ ಜಮೀನಿನಲ್ಲಿ ನಮಗೆ ಬರುವ ವಿಭಾಗಿಸದ ಪಾಲು, ಸಿ ಷೆಡ್ಯೂಲಿನಲ್ಲಿ ಮನೆಯ ವಿವರ ಇರುತ್ತದೆ. ಜನ ಸಿ ಷೆಡ್ಯೂಲಿನ ಚದರಡಿಯನ್ನು ಬಾಯಿಪಾಠ ಹೇಳುತ್ತಾರೆ, ಬಿ ಷೆಡ್ಯೂಲನ್ನು ಕೇಳಿದರೆ ಮುಖ ನೋಡುತ್ತಾರೆ. ಕಟ್ಟಡ ಹಳತಾಗಿ ಮುಂದೊಂದು ದಿನ ಕೆಡವಬೇಕಾದಾಗ ಉಳಿಯುವುದು ಬಿ ಷೆಡ್ಯೂಲೇ. ಮಾಳಿಗೆಯ ಹಕ್ಕನ್ನು ಕಟ್ಟಿಸಿದವರು ತಮಗೇ ಉಳಿಸಿಕೊಂಡಿದ್ದಾರೆಯೇ, ಮುಂದೆ ಮತ್ತೊಂದು ಅಂತಸ್ತು ಏರಿಸುವ ಮಾತನ್ನು ಎಲ್ಲಾದರೂ ನುಸುಳಿಸಿದ್ದಾರೆಯೇ ಎಂಬುದನ್ನೂ ಕೊಳ್ಳುವ ಮೊದಲೇ ಅದೇ ಪತ್ರದಲ್ಲಿ ಹುಡುಕಬೇಕು.

ಇಷ್ಟೆಲ್ಲ ಕಾನೂನಿದ್ದೂ ನಮ್ಮಂಥ ಊರುಗಳಲ್ಲಿ ಅದು ಕೆಲಸಕ್ಕೆ ಬಾರದಂತಾಗಲು ಒಂದು ಕಾರಣವಿದೆ. 1972ರ ಅಧಿನಿಯಮ ತಾನಾಗಿ ಯಾವ ಕಟ್ಟಡಕ್ಕೂ ಅನ್ವಯವಾಗುವುದಿಲ್ಲ. ಸ್ವತ್ತನ್ನು ಈ ಅಧಿನಿಯಮಕ್ಕೆ ಒಳಪಡಿಸುತ್ತೇವೆ ಎಂದು ಘೋಷಣಾ ಪತ್ರ, ಅಂದರೆ ಎಲ್ಲರೂ ಡೀಡ್ ಆಫ್ ಡಿಕ್ಲರೇಷನ್ ಎನ್ನುವ ಕಾಗದವನ್ನು ಬರೆದು, ಉಪವಿಧಿಗಳೊಂದಿಗೆ, ಅಂದರೆ ಕಟ್ಟಡ ನಡೆಸುವ ಒಳನಿಯಮಗಳೊಂದಿಗೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಯಾವುದು ಸಾಮೂಹಿಕ, ಯಾವುದು ಕೆಲವರಿಗಷ್ಟೇ ಮೀಸಲಾದ ಸೀಮಿತ ಸಾಮೂಹಿಕ ಜಾಗ, ಯಾರ ಪಾಲು ಶೇಕಡಾ ಎಷ್ಟು ಎಂಬುದೆಲ್ಲ ಬರಹಕ್ಕಿಳಿಯುವುದು ಆ ಪತ್ರದಲ್ಲಿ. ಒಮ್ಮೆ ಬರೆದ ಪಾಲನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸಲು ಬರುವುದಿಲ್ಲ. ನಮ್ಮ ಕಟ್ಟಡವನ್ನು ಕಟ್ಟಿಸಿದವರು ಕೊನೆಯ ಮನೆ ಮಾರಾಟವಾದ ಮೇಲೆ ಇತ್ತ ತಲೆಹಾಕಿರಲಿಲ್ಲ, ಪತ್ರವೂ ಆಗಿರಲಿಲ್ಲ. ಕೆಲವರು 1960ರ ಸಂಘಗಳ ನೋಂದಣಿ ಅಧಿನಿಯಮದಡಿ ಒಂದು ಸಂಘ ಮಾಡಿಸಿ, ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು, ಎಲ್ಲ ಮುಗಿಯಿತೆಂದು ನಿಶ್ಚಿಂತರಾಗುತ್ತಾರೆ. ಗಣೇಶನನ್ನು ಕೂರಿಸಲು ಆ ಸಂಘ ಸಾಕು. ಮಾಳಿಗೆ ಯಾರದು ಎಂಬ ಪ್ರಶ್ನೆಗೆ ಅದು ಘೋಷಣಾ ಪತ್ರದ ಬದಲಿಯಾಗಲಾರದು.

2016ರ ರೇರಾ ಕಾಯ್ದೆ, ಅಂದರೆ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಹೊಸ ಕಟ್ಟಡಗಳ ಮಟ್ಟಿಗೆ ಇದನ್ನು ಬಿಗಿ ಮಾಡಿದೆ. ಮೆಟ್ಟಿಲು, ಲಿಫ್ಟ್, ಮಾಳಿಗೆ, ಉದ್ಯಾನ, ಆಟದ ಜಾಗ, ತೆರೆದ ಪಾರ್ಕಿಂಗ್, ಸಂಪು, ಟ್ಯಾಂಕುಗಳನ್ನು ಅದೂ ಸಾಮೂಹಿಕ ಪ್ರದೇಶವೆಂದೇ ಕರೆಯುತ್ತದೆ, ಮತ್ತು ಸಾಮೂಹಿಕ ಪ್ರದೇಶದ ಹಕ್ಕನ್ನು ಕಟ್ಟಿಸಿದವರು ಮನೆ ಕೊಂಡವರ ಸಂಘಕ್ಕೆ ವರ್ಗಾಯಿಸಿ ಕೊಡಬೇಕೆಂದು 17ನೇ ಕಲಮಿನಲ್ಲಿ ವಿಧಿಸುತ್ತದೆ. ಆದರೆ 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ಅಲ್ಲಿ ನೋಂದಣಿ ಕಡ್ಡಾಯವಲ್ಲ. ಬೆಂಗಳೂರಿನ ಅಳತೆಯಲ್ಲಿ ಅಂಥವು ಅಪವಾದದಂತೆ ಕಂಡಾವು. ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ಹಳೆಯ ಮನೆಯೊಂದನ್ನು ಕೆಡವಿ, ಅದೇ ನಿವೇಶನದಲ್ಲಿ ಅಂತಸ್ತಿಗೆರಡರಂತೆ ಮನೆ ಏರಿಸಿ ಮಾರುವ ರೂಢಿಯೇ ಹೆಚ್ಚು. ಇಂಥಲ್ಲಿ ಘೋಷಣಾ ಪತ್ರ ಮಾಡಿಸುವ ಹೊಣೆ ನಮ್ಮದೇ. ಪತ್ರವಿಲ್ಲದಿದ್ದರೂ ಕ್ರಯಪತ್ರದ ವಿಭಾಗಿಸದ ಪಾಲು ನಮ್ಮನ್ನು ಸಹಮಾಲೀಕರನ್ನಾಗಿ ಮಾಡಿರುತ್ತದೆ, ಒಬ್ಬ ಸಹಮಾಲೀಕ ಇನ್ನೊಬ್ಬನನ್ನು ಜಂಟಿ ಸ್ವತ್ತಿನಿಂದ ಹೊರಗಿಡುವಂತಿಲ್ಲ. ಹಾಗೆಂದು ಅದನ್ನು ಸಾಧಿಸಲು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ವ್ಯವಧಾನ ಸಂಡಿಗೆ ಹಾಕುವವರಿಗೆ ಎಲ್ಲಿರುತ್ತದೆ?

ಪಾರ್ಕಿಂಗ್ ವಿಷಯ ಇನ್ನೂ ಕಹಿ. ಕೆಳಗಿನ ಕಂಬಗಳ ನಡುವಿನ ಜಾಗಕ್ಕೆ ಬಣ್ಣದ ಗೆರೆ ಎಳೆದು, ನಂಬರ್ ಬರೆದು, ಬೇರೆ ರಸೀದಿ ಕೊಟ್ಟು ಮಾರುವುದು ಎಲ್ಲ ಕಡೆ ನಡೆದಿದೆ. 2010ರಲ್ಲಿ ಸುಪ್ರೀಂ ಕೋರ್ಟ್ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ, ಕಂಬಗಳ ನಡುವಿನ ಮತ್ತು ತೆರೆದ ಪಾರ್ಕಿಂಗ್ ಜಾಗಗಳು ಸಾಮೂಹಿಕ ಪ್ರದೇಶದ ಭಾಗ, ಕಟ್ಟಿಸಿದವರು ಅವನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ ಎಂದು ಹೇಳಿತು. ಅದು ಮಹಾರಾಷ್ಟ್ರದ ಕಾಯ್ದೆಯನ್ನು ಅರ್ಥೈಸಿ ಕೊಟ್ಟ ತೀರ್ಪು ಎಂಬುದನ್ನು ನೆನಪಿಡಬೇಕು. ಆದರೂ ದೇಶದ ಎಲ್ಲೆಡೆ ನಿವಾಸಿಗಳು ಅದನ್ನು ಹಿಡಿದು ಮಾತನಾಡುತ್ತಾರೆ, ಮಾತನಾಡುವುದು ಸರಿಯೂ ಹೌದು. ಪಾರ್ಕಿಂಗಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದರ ಪಕ್ಕದ ಒಂದು ಕೋಣೆ. ನನಗೆ ಗೊತ್ತಿರುವ ಒಂದು ಕಟ್ಟಡದಲ್ಲಿ ವಾಚ್‌ಮನ್‌ಗೆಂದು ನಕ್ಷೆಯಲ್ಲಿ ತೋರಿಸಿದ್ದ ಕೋಣೆಯನ್ನು ಜೀನ್ಸ್ ಹೊಲಿಯುವವರ ಬಟ್ಟೆಯ ಗಂಟುಗಳನ್ನು ಇಡಲು ಬಾಡಿಗೆಗೆ ಕೊಡಲಾಗಿತ್ತು. ಬಾಡಿಗೆ ಕಟ್ಟಿಸಿದವರಿಗೆ ಹೋಗುತ್ತಿತ್ತು. ವಾಚ್‌ಮನ್, ಅವರ ಹೆಂಡತಿ ಮತ್ತು ಮಗು ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಪಕ್ಕ, ಸೀರೆಯೊಂದನ್ನು ಅಡ್ಡ ಕಟ್ಟಿಕೊಂಡು ಮಲಗುತ್ತಿದ್ದರು. ಸಾಮೂಹಿಕ ಜಾಗದಿಂದ ಆದಾಯ ಬಂದರೆ ಅದು ಎಲ್ಲ ಮಾಲೀಕರಿಗೆ ಅವರವರ ಪಾಲಿನಂತೆ ಸೇರಬೇಕು ಎಂದು 1972ರ ಅಧಿನಿಯಮ ಹೇಳುತ್ತದೆ, ಕೆಲಸಗಾರರ ವಸತಿಯನ್ನು ಸಾಮೂಹಿಕ ಸೌಕರ್ಯವೆಂದೂ ಹೇಳುತ್ತದೆ. ಅಲ್ಲಿನ ಮಾಲೀಕರು ಆ ಬಾಡಿಗೆಯ ಲೆಕ್ಕ ಕೇಳಿದ್ದರೆ ಕೋಣೆಯೂ ಸಿಗುತ್ತಿತ್ತು. ಯಾರೂ ಕೇಳಲಿಲ್ಲ, ಏಕೆಂದರೆ ಲೆಕ್ಕ ಕೇಳಿದರೆ ವಾಚ್‌ಮನ್‌ನ ಸಂಬಳದ ಲೆಕ್ಕವನ್ನೂ ತೆಗೆಯಬೇಕಾಗುತ್ತಿತ್ತು.

ಇಂಥ ಸಂದರ್ಭದಲ್ಲಿ ಮಂಜೂರಾದ ನಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಮಹಾನಗರ ಪಾಲಿಕೆಗೋ ನಗರಾಭಿವೃದ್ಧಿ ಪ್ರಾಧಿಕಾರಕ್ಕೋ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಅದರ ಪ್ರತಿಯನ್ನು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ನಕ್ಷೆಯನ್ನು ಮೇಜಿನ ಮೇಲೆ ಹರವಿ ಕೂತಾಗ ಅರ್ಧ ಜಗಳಗಳು ಅಲ್ಲೇ ತಣ್ಣಗಾಗುವುದನ್ನು ನಾನು ಕಂಡಿದ್ದೇನೆ.

ಇನ್ನು ನೀರು. ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ಬಂದು, ಅಲ್ಲಿಂದ ನಮ್ಮ ನಳಕ್ಕೆ ಬರುವ ನೀರು ದಿನವೂ ಬರುವಂಥದ್ದಲ್ಲ. ಬಂದ ದಿನ ಸಂಪು ತುಂಬಿಸಿಕೊಂಡು, ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಿಸಿ, ಮುಂದಿನ ಸರದಿಯವರೆಗೆ ಹನ್ನೆರಡು ಮನೆ ಬದುಕಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದ ಸುದ್ದಿ ಬಂದಾಗ, ನಮ್ಮ ಕಟ್ಟಡದಲ್ಲಿ ಮೊದಲ ಬಾರಿಗೆ ಜನ ಸಂಪಿನ ಮುಚ್ಚಳ ತೆಗೆದು ಅದರ ಆಳ ಎಷ್ಟೆಂದು ವಿಚಾರಿಸಿದರು. ಅಲ್ಲಿಯವರೆಗೆ ಮೋಟಾರಿನ ಸ್ವಿಚ್ ಕೆಳಗಿನ ಮನೆಯೊಬ್ಬರ ಕಿಟಕಿಯ ಪಕ್ಕದಲ್ಲಿತ್ತು, ಅವರು ಊರಿಗೆ ಹೋದರೆ ಮೇಲಿನವರಿಗೆ ಸ್ನಾನವಿಲ್ಲ. ಒಬ್ಬರು ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದು, ಇನ್ನೊಬ್ಬರು ಟ್ಯಾಂಕರಿನ ದುಡ್ಡಿನಲ್ಲಿ ಪಾಲು ಕೊಡದಿರುವುದು, ಇವೆಲ್ಲ ಬೇಸಗೆಯಲ್ಲಿ ಒಟ್ಟಿಗೇ ಉರಿದೇಳುತ್ತಿದ್ದವು. ನೆಲಕ್ಕೆ ಹತ್ತಿರದ ಮನೆಯವರು ಲಿಫ್ಟಿನ ಖರ್ಚು ತಮಗೆ ಬೇಡವೆನ್ನುವುದೂ ಇದೇ ಜಾತಿಯ ಮಾತು. ಸಾಮೂಹಿಕ ಸೌಕರ್ಯವನ್ನು ನಾನು ಬಳಸುವುದಿಲ್ಲ ಎಂದು ಹೇಳಿ ಸಾಮೂಹಿಕ ವೆಚ್ಚದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಅಧಿನಿಯಮ ಕಡ್ಡಿ ಮುರಿದಂತೆ ಹೇಳುತ್ತದೆ, ಬಾಕಿ ಉಳಿಸಿದರೆ ಅದು ಮನೆಯ ಮೇಲಿನ ಹೊರೆಯಾಗಿ ನಿಲ್ಲುತ್ತದೆ. ಇದನ್ನು ಕಠಿಣವೆಂದು ನಾನು ಭಾವಿಸುವುದಿಲ್ಲ. ಲಿಫ್ಟಿಗೆ ಕೆಳಗಿನವರು ಕೊಡುವ ಪಾಲೇ ನಾಳೆ ಮಾಳಿಗೆಯ ಮೇಲೆ ಅವರ ಬಟ್ಟೆ ಒಣಗುವುದಕ್ಕೆ ಆಧಾರ. ಮಾಳಿಗೆಯ ಲೇಪನಕ್ಕೆ ಅಂದೇ ಎಲ್ಲರೂ ಪಾಲು ಹಾಕಿದ್ದರೆ ಬೀಗ ಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಮೊಗಸಾಲೆಯಲ್ಲಿ ಚಪ್ಪಲಿ ಕಪಾಟು, ಮೆಟ್ಟಿಲ ತಿರುವಿನಲ್ಲಿ ಹಳೆಯ ಸೈಕಲ್ಲು, ಖಾಲಿ ಸಿಲಿಂಡರು ಇಡುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಕಿ ಬಿದ್ದ ದಿನ ಇಳಿದು ಓಡಬೇಕಾದ ದಾರಿ ಅದು, ಖಾಲಿ ಇರಲೇಬೇಕು. ಹೊಸ್ತಿಲ ಮುಂದಿನ ರಂಗೋಲಿಗೆ ಯಾರೂ ತಕರಾರು ತೆಗೆಯಬಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಕೊನೆಗೆ ಘೋಷಣಾ ಪತ್ರವಾಯಿತು. ಎಲ್ಲ ಮಾಲೀಕರ ಸಹಿ ಸೇರಿಸುವುದು ಸುಲಭವಾಗಿರಲಿಲ್ಲ. ಒಬ್ಬರು ತೋರಣಗಲ್ಲಿನ ಕಾರ್ಖಾನೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಕಚೇರಿ ಮುಚ್ಚಿರುತ್ತಿತ್ತು, ಇನ್ನೊಬ್ಬರು ಹೈದರಾಬಾದಿನಲ್ಲಿದ್ದರು. ಕೊನೆಯ ಅಂತಸ್ತಿನವರು ಲೇಪನಕ್ಕೆ ಹಾಕಿದ್ದ ಹಣದಲ್ಲಿ ಉಳಿದವರ ಪಾಲನ್ನು ಲೆಕ್ಕ ಹಾಕಿ, ಕಂತಿನಲ್ಲಿ ಹಿಂತಿರುಗಿಸುವುದೆಂದು ಬರೆದುಕೊಂಡೆವು. ಆ ಮಾತು ನಿಶ್ಚಯವಾದ ಸಭೆಯಲ್ಲಿಯೇ ಅವರು ಕೀಲಿಕೈಯನ್ನು ತಂದು ಕೊಟ್ಟರು. ಅದಕ್ಕೆ ಯಾರೂ ಒತ್ತಾಯಿಸಬೇಕಾಗಲಿಲ್ಲ. ಈಗ ಮಾಳಿಗೆಯ ಬಾಗಿಲಿಗೆ ಚಿಲಕವಿದೆ, ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ, ಕರೆಂಟ್ ಹೋದರೆ ಮಲಗಬಹುದು, ಹರವಿದವರೇ ಗುಡಿಸಬೇಕು.

ಆದರೂ ಒಂದು ಕೆಲಸ ಬಾಕಿ ಇದೆ, ಅದನ್ನು ಹೇಳದೆ ನಾನು ಈ ಬರಹವನ್ನು ನಿಲ್ಲಿಸಲಾರೆ. ಅಧಿನಿಯಮ ಮತ್ತು ಉಪವಿಧಿಗಳು ಬಾಡಿಗೆದಾರರನ್ನೂ ಕಟ್ಟಿಹಾಕುತ್ತವೆ, ಮತ ಮಾತ್ರ ಮಾಲೀಕರದು. ನಮ್ಮ ಹನ್ನೆರಡು ಮನೆಗಳಲ್ಲಿ ಐದರ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಮಾಳಿಗೆ, ಸಂಪು, ಮೆಟ್ಟಿಲುಗಳನ್ನು ದಿನವೂ ಬಳಸುವವರು ಅವರ ಬಾಡಿಗೆದಾರರು. ತಿಂಗಳ ನಿರ್ವಹಣಾ ಹಣವನ್ನು ಕೈಯಿಂದ ಕೊಡುತ್ತಿರುವವರೂ ಅವರೇ. ಹೀಗಿದ್ದೂ ಸಭೆಯ ದಿನ ಅವರು ತಮ್ಮ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ, ನೀರಿನ ಸರದಿಯನ್ನು ಹೈದರಾಬಾದಿನಿಂದ ಫೋನಿನಲ್ಲಿ ಮಾತನಾಡುವವರು ನಿರ್ಧರಿಸುತ್ತಾರೆ. ಲಿಫ್ಟಿನಲ್ಲಿ ಮನೆಗೆಲಸದವರು ಹೋಗಬಾರದು ಎಂಬ ಚೀಟಿ ಅಂಟಿಸಿದ್ದೂ ಇಂಥದೇ ಒಂದು ಸಭೆಯ ಮರುದಿನ; ಅದನ್ನು ಕಿತ್ತುಹಾಕಿಸಲು ನಾವು ಪಟ್ಟ ಪಾಡು ನೆನೆದರೆ ಈಗಲೂ ಬೇಸರವಾಗುತ್ತದೆ. ನಾಲ್ಕು ಅಂತಸ್ತಿನ ಕಸವನ್ನು ಹೊತ್ತು ಇಳಿಸುವವರಿಗೆ ಲಿಫ್ಟ್ ಇಲ್ಲವೆನ್ನುವುದನ್ನು ಯಾವ ಪಾಲಿನ ಲೆಕ್ಕವೂ ಸಮರ್ಥಿಸಲಾರದು.

ಬಾಡಿಗೆಗಿರುವವರನ್ನೂ ಎಲ್ಲ ಸಭೆಗಳಿಗೆ ಕರೆಯಬೇಕು, ನೀರು, ಮಾಳಿಗೆ, ಲಿಫ್ಟಿನ ನಿತ್ಯದ ಬಳಕೆಯ ವಿಷಯದಲ್ಲಿ ಅವರ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂಬ ತಿದ್ದುಪಡಿಯನ್ನು ಉಪವಿಧಿಗೆ ಸೇರಿಸಲು ನಾನು ಬರವಣಿಗೆಯಲ್ಲಿ ಕೇಳಿದ್ದೇನೆ. ಇಂದು ಮಾತು, ನಾಳೆ ಮತ ಕೇಳುತ್ತಾರೆ ಎಂದು ಇಬ್ಬರು ಮಾಲೀಕರು ವಿರೋಧಿಸಿದ್ದಾರೆ. ಸ್ವತ್ತಿನ ಪಾಲು, ದುರಸ್ತಿಯ ಬಂಡವಾಳ, ಮಾರಾಟ ಇವೆಲ್ಲ ಮಾಲೀಕರ ಮತಕ್ಕೇ ಉಳಿಯುತ್ತವೆ ಎಂದು ಅವರಿಗೆ ಹೇಳಿದ್ದೇನೆ. ದೊಡ್ಡಮ್ಮ ಈ ಸಲ ಸಭೆಗೆ ಬರುತ್ತೇನೆಂದಿದ್ದಾರೆ. ನೀರು ಏರಿಸುವ ಹೊತ್ತನ್ನು ಬೆಳಿಗ್ಗೆ ಆರರಿಂದ ಐದಕ್ಕೆ ಹಿಂದೂಡಬೇಕು, ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಆರಕ್ಕೆ ನೀರು ಏರಿದರೆ ಸಾಲದು ಎಂಬುದು ಅವರು ಎತ್ತಲಿರುವ ವಿಷಯ.